ಮಾರಿದ ಸ್ಪೀಕರು ಮರಳಿ ಬಂತು

ಹಳೇ ಸಾಮಾನನ್ನು ಆನ್‌ಲೈನ್‌ನಲ್ಲಿ ಮಾರಲು ಹೊರಟವರನ್ನು ಕಂಡರೆ ನನಗೀಗ ಮರುಕ. ಕೊಳ್ಳುವವರು ಸಿಕ್ಕರೆ ಕೆಲಸ ಮುಗಿಯಿತೆಂದು ತಿಳಿದಿರುತ್ತಾರೆ, ಪಾಪ. ನಾನೂ ಹಾಗೇ ತಿಳಿದಿದ್ದೆ. ನಾನು ಮಾರಿದ್ದು ಮೈಕ್ ಇರುವ ಒಂದು ದೊಡ್ಡ ಸ್ಪೀಕರು. ಹಿನ್ನೆಲೆ ಸಂಗೀತ ಅದು ನುಡಿಸುತ್ತದೆ, ಹಾಡು ಮಾತ್ರ ನಾವು ಹಾಡಬೇಕು. ಚಿಂತಾಮಣಿಯ ನಮ್ಮ ಮನೆಯಲ್ಲಿ ಆ ಕೆಲಸವನ್ನು ನಾನು ದಿನವೂ ಶಾಲೆಯಿಂದ ಬಂದವನೇ ಬಹಳ ಶ್ರದ್ಧೆಯಿಂದ ಮಾಡುತ್ತಿದ್ದೆ. ಮೇಷ್ಟರ ಗಂಟಲು, ಹಿಂದಿನ ಬೆಂಚಿನವರೆಗೂ ತಲುಪಿ ಅಭ್ಯಾಸ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡಾಗ ಸೊಳ್ಳೆ ಕಾಟ ಇರಬೇಕು ಅಂದುಕೊಳ್ಳುತ್ತಿದ್ದೆ. ಕೊನೆಗೊಂದು ದಿನ ನನ್ನ ಹೆಂಡತಿ ಸುಜಾತ, "ರೀ, ಈ ಮನೇಲಿ ಅದಿರ್ಬೇಕು, ಇಲ್ಲಾ ನಾನಿರ್ಬೇಕು" ಅಂದಳು. ಉತ್ತರ ಹೇಳಲು ನಾನು ಸ್ವಲ್ಪ ಹೊತ್ತು ತೆಗೆದುಕೊಂಡೆ. ಅದೇ ತಪ್ಪಾಯಿತು. ನನ್ನ ಫೋನನ್ನೇ ಕಿತ್ತುಕೊಂಡು, ಸ್ಪೀಕರಿನ ಫೋಟೊ ತೆಗೆದು, ನನ್ನ ಹೆಸರಿನಲ್ಲೇ ಮಾರಾಟಕ್ಕೆ ಹಾಕಿಬಿಟ್ಟಳು.

ಕೊಂಡವರು ಶಿಡ್ಲಘಟ್ಟದ ಮುನಿರಾಜು, ಬೀಜ ಗೊಬ್ಬರದ ಅಂಗಡಿಯವರು. ಪಾರ್ಸೆಲ್ ತಲುಪಿ ವಾರವೂ ಆಗಿಲ್ಲ, ಆ್ಯಪ್‌ನಿಂದ ಸಂದೇಶ ಬಂತು: "ಕೊಂಡವರು ವಸ್ತುವನ್ನು ಹಿಂದಿರುಗಿಸಲು ಕೋರಿದ್ದಾರೆ. ಕಾರಣ: ಕೆಲಸ ಮಾಡುತ್ತಿಲ್ಲ." ನನಗೆ ಮೈಯೆಲ್ಲ ಉರಿಯಿತು. ಸಹಾಯವಾಣಿಗೆ ಫೋನ್ ಮಾಡಿ ಕೂಗಾಡಿದೆ. ಆ ಕಡೆಯ ಹುಡುಗಿ ಜೇನಿನಂಥ ದನಿಯಲ್ಲಿ, "ಸರ್, ಅದು ಕೆಲ್ಸ ಮಾಡ್ತಿತ್ತು ಅನ್ನೋದಕ್ಕೆ ವಿಡಿಯೊ ಇದ್ರೆ ಕಳಿಸಿ" ಅಂದಳು. ನನ್ನ ಹತ್ತಿರ ಇದ್ದದ್ದು ನಾನೇ ಹಾಡುತ್ತಿದ್ದ ಒಂದು ವಿಡಿಯೊ. ಹೆಮ್ಮೆಯಿಂದಲೇ ಕಳಿಸಿದೆ. ಮಾರನೆಯ ದಿನ ಉತ್ತರ: "ವಿಡಿಯೊ ಪರಿಶೀಲಿಸಿದ್ದೇವೆ. ಧ್ವನಿಯಲ್ಲಿ ದೋಷವಿರುವುದು ಸ್ಪಷ್ಟವಾಗಿದೆ." ಸುಜಾತ ಅದನ್ನು ಓದಿ, ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಒಳಗಿನಿಂದ ಬಹಳ ಹೊತ್ತು ಕೆಮ್ಮುವಂಥ ಸದ್ದು ಬರುತ್ತಿತ್ತು.

ಇದು ಇನ್ನು ಮಾನದ ಪ್ರಶ್ನೆ. ಭಾನುವಾರ ಶಿಡ್ಲಘಟ್ಟದ ಬಸ್ಸು ಹತ್ತಿದೆ. ಮುನಿರಾಜುಗೆ ಹೇಳಬೇಕಾದ ಮಾತುಗಳನ್ನು ದಾರಿಯುದ್ದಕ್ಕೂ ಅಭ್ಯಾಸ ಮಾಡುತ್ತಿದ್ದುದನ್ನು ನೋಡಿ ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು. ಅವರ ಬೀದಿಗೆ ಕಾಲಿಟ್ಟರೆ, ನನ್ನ ಸ್ಪೀಕರು ಊರೇ ಕೇಳುವ ಹಾಗೆ ಹಾಡುತ್ತಿದೆ! ಬಾಗಿಲಲ್ಲಿ ನಿಂತು, ಇದನ್ನು ಮಾರಿದ ಮೇಷ್ಟ್ರು ನಾನೇ ಎಂದು ಕೂಗಿ ಹೇಳಿದೆ. ಮುನಿರಾಜು ಓಡಿ ಬಂದು ನನ್ನ ಕೈ ಹಿಡಿದು ಗೋಡೆಯ ಮರೆಗೆ ಎಳೆದುಕೊಂಡರು.

"ಕೆಲ್ಸ ಮಾಡ್ತಿಲ್ಲ ಅಂತ ಬರೆದ್ರಲ್ಲ ಸ್ವಾಮಿ? ಕಿವಿ ಕಿತ್ತೋಗ್ತಿದೆ!"

"ಅದೇ ಸಾರ್ ತೊಂದ್ರೆ. ನಮ್ಮಪ್ಪಂಗೆ ಅಂತ ಆಸೆಯಿಂದ ತಂದೆ. ಮೈಕು ಕೈಯಿಂದ ಇಳಿಸೋದೇ ಇಲ್ಲ. ಮಗಳಿಗೆ ಪರೀಕ್ಷೆ. ನಿಲ್ಸಪ್ಪ ಅಂದ್ರೆ ಊಟ ಬಿಟ್ಟು ಮಲಗ್ತಾರೆ. ಚೆನ್ನಾಗಿದೆ, ಬೇಡ ಅಂತ ಬರೆಯೋಕೆ ಆ್ಯಪಲ್ಲಿ ಜಾಗ ಇಲ್ಲ ಸಾರ್. ನೀವೇ ಮಾರ್ದೋರು, ಕೆಟ್ಟಿದೆ ಅಂತ ನಿಮ್ ಬಾಯಲ್ಲೇ ಒಂದು ಮಾತು ಹೇಳ್ಬಿಡಿ, ನಂಬ್ತಾರೆ."

ಚೆನ್ನಾಗಿದೆ ಎಂದು ಸಾಧಿಸಲು ಬಂದವನ ಕೈಲಿ ಕೆಟ್ಟಿದೆ ಎಂದು ಹೇಳಿಸುವುದೆ? ಆಗುವುದಿಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಮಗಳು ಪುಸ್ತಕ ಹಿಡಿದು ಹೊರಗೆ ಬಂದಳು. ಎರಡೂ ಕಿವಿಯಲ್ಲಿ ಹತ್ತಿ. ನಮ್ಮ ಮನೆಯಲ್ಲಿ ಸುಜಾತಳ ಕಿವಿಯಲ್ಲೂ ಅಂಥದೇ ಹತ್ತಿ ಇರುತ್ತಿತ್ತು. ನಾನು ಕಿವಿನೋವೆಂದು ತಿಳಿದು ಡಾಕ್ಟರ ಹತ್ತಿರ ಹೋಗೋಣವೆಂದು ಬಲವಂತ ಮಾಡಿದ್ದೆ. ನನ್ನ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಒಳಗೆ ಮುನಿರಾಜು ನನ್ನ ಪರಿಚಯ ಹೇಳಿದ್ದೇ ತಡ, ಅವರ ತಂದೆ ವೆಂಕಟರಾಯಪ್ಪ ಒಂದು ಕೈಯಲ್ಲಿ ಮೈಕ್ ಹಿಡಿದೇ ಇನ್ನೊಂದರಲ್ಲಿ ಕುರ್ಚಿ ಎಳೆದು, "ಬನ್ನಿ ಮೇಷ್ಟ್ರೇ, ಕೂಚೋಂಡಿ! ಒಳ್ಳೇ ಮಿಷನ್ ಕೊಟ್ರಿ ಕಣಪ್ಪಾ" ಎಂದು ಉಪಚರಿಸಿದರು. ನಾನು ರಿಪೇರಿಯವನ ಮುಖ ಮಾಡಿಕೊಂಡು ಎರಡು ಬಟನ್ ಒತ್ತಿ, ಕಿವಿಯಿಟ್ಟು ಕೇಳಿ, "ಒಳಗಡೆ ಹೋಗಿದೆ ಯಜಮಾನ್ರೇ. ವಾಪಸ್ ತಗೊಂಡು ಹೋಗ್ತೀನಿ" ಅಂದೆ. ಅವರು ಮೈಕನ್ನು ಪಂಚೆಯ ಅಂಚಿನಿಂದ ಒರೆಸುತ್ತಾ, "ನನ್ ಗಂಟಲಿಗೇ ಕೆಟ್ಟೋಯ್ತೇನೋ" ಅಂದರು.

"ಛೆ, ಇಲ್ಲ! ನಾನೂ ಇದರಲ್ಲೇ ಹಾಡ್ತಿದ್ದೆ" ಅಂದುಬಿಟ್ಟೆ.

"ಅಂಗಾದ್ರೆ ಓಗೋ ಮುಂಚೆ ಇಬ್ರೂ ಒಂದು ಹಾಡ್ಬಿಡಣ!"

ಒಂದಕ್ಕೆ ನಿಲ್ಲಲಿಲ್ಲ. ಅವರು ತೆಲುಗಿನದು ಎತ್ತಿದರೆ ನಾನು ಕನ್ನಡದ್ದು ಎತ್ತಿದೆ. ಮುನಿರಾಜು ಹೊಸ್ತಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕೂತಿದ್ದರು. ಕೊನೆಗೆ ಅವರೇ ಸ್ಪೀಕರನ್ನು ಹೊತ್ತು, ನನ್ನನ್ನು ಹೆಚ್ಚುಕಡಿಮೆ ತಳ್ಳಿಕೊಂಡೇ ಬಸ್ ಸ್ಟ್ಯಾಂಡಿಗೆ ಬಂದರು.

ಈಗ ಅದು ನಮ್ಮ ಮಂಚದ ಕೆಳಗಿದೆ, ವೈರು ಸುಜಾತಳ ಬೀರುವಿನಲ್ಲಿದೆ. ಮತ್ತೆ ಮಾರಾಟಕ್ಕೆ ಹಾಕಿದ್ದಾಳೆ, ಒಬ್ಬರೂ ಕೇಳುತ್ತಿಲ್ಲ. ಕೇಳುವುದಾದರೂ ಹೇಗೆ? ನನ್ನ ಹೆಸರಿನ ಕೆಳಗೆ ಮುನಿರಾಜು ಐದು ನಕ್ಷತ್ರ ಕೊಟ್ಟು ಬರೆದಿದ್ದಾರೆ: "ಬಹಳ ಪ್ರಾಮಾಣಿಕ ಮನುಷ್ಯರು. ತಾವು ಮಾರಿದ ಸ್ಪೀಕರು ಕೆಟ್ಟಿದೆ ಎಂದು ಖುದ್ದಾಗಿ ಬಂದು ಒಪ್ಪಿಕೊಂಡರು." ಅದನ್ನು ತೆಗೆಸಿ ಎಂದು ಸುಜಾತ ದಿನಾ ಬೈಯುತ್ತಾಳೆ. ನಾಳೆ ಹೇಳ್ತೀನಿ ಅನ್ನುತ್ತೇನೆ. ಇಷ್ಟು ವರ್ಷದಲ್ಲಿ ನನ್ನನ್ನು ಪ್ರಾಮಾಣಿಕನೆಂದು ನಾಲ್ಕು ಜನ ಓದುವ ಹಾಗೆ ಬರೆದವರು ಅವರೊಬ್ಬರೇ, ಅದೂ ನಾನು ಎದುರಿಗೆ ಕೂತು ಸುಳ್ಳು ಹೇಳಿ ಬಂದ ದಿನ.