ಪೆಟ್ ಸ್ಕ್ಯಾನಿನ ಪೆಟ್ಟುಗಳು

ಮನೆಯಲ್ಲಿ ಒಬ್ಬರಿಗೆ ಮರೆವು ಶುರುವಾದರೆ, ಮರ್ಯಾದೆ ಹೋಗುವುದು ಎಲ್ಲವೂ ನೆನಪಿರುವ ಇನ್ನೊಬ್ಬರದು. ನಮ್ಮಲ್ಲಿ ಆ ಇನ್ನೊಬ್ಬಳು ನಾನು. ಕಾನ್ವೆಂಟಿನಲ್ಲಿ ಓದಿದವಳು, ತಲೆ ತಗ್ಗಿಸಿ ಅಭ್ಯಾಸವಿಲ್ಲದವಳು.

ಯಜಮಾನರು ಕೇಳಿದ್ದನ್ನೇ ಮತ್ತೆ ಮತ್ತೆ ಕೇಳತೊಡಗಿದಾಗ ಡಾಕ್ಟರು, "ಅಲ್ಝೈಮರ್ ಇರಬಹುದು. ಅದರಲ್ಲಿ ಅಮಿಲಾಯ್ಡ್ ಎಂಬ ಪ್ರೋಟೀನ್ ಮಿದುಳಿನಲ್ಲಿ ಶೇಖರವಾಗುತ್ತದೆ. ಬೆಂಗಳೂರಿನಲ್ಲಿ ಪೆಟ್ ಸ್ಕ್ಯಾನ್ ಮಾಡಿಸಿದರೆ ಚಿತ್ರದಲ್ಲಿ ಕಾಣುತ್ತದೆ" ಎಂದರು. ಅದು ಕಾಣದಿರಲಿ ಎಂಬುದು ನನ್ನ ಪ್ರಾರ್ಥನೆ. ನಮ್ಮೂರು ಬಿಟ್ಟಂಗಾಲದಲ್ಲಿ ಯಾರಿಗೂ ತಿಳಿಯದಿರಲಿ ಎಂಬುದು, ಹೇಳಲು ನಾಚಿಕೆ, ಅದಕ್ಕಿಂತ ದೊಡ್ಡ ಪ್ರಾರ್ಥನೆ.

ಪೆಟ್ಟು

ನಮ್ಮ ಕಾಫಿತೋಟದ ಲೆಕ್ಕ ಬರೆಯುವ ರೈಟರಿಗೆ ಮಾತ್ರ ಹೇಳಿದೆ: "ಸೋಮವಾರ ಕಾರು ಬೇಕು. ಸಾವ್ಕಾರ್ರ ತಲೆಗೆ ಪೆಟ್ ಸ್ಕ್ಯಾನ್. ಬಾಯಿ ಬಿಡಬೇಡಿ."

ಸಂಜೆಗೆ ಕಾಫಿಹಣ್ಣು ಕೊಯ್ಯುವ ಪಿಕ್ಕಿಂಗ್ ಹೆಂಗಸರೆಲ್ಲ ಅಂಗಳದಲ್ಲಿ.

"ಸಾವ್ಕಾರ್ರ ತಲೆಗೆ ಪೆಟ್ಟಂತೆ, ಎಂತಾಯ್ತಮ್ಮಾ?"

"ಪೆಟ್ಟಲ್ಲ, ಪೆಟ್" ಎಂದು ಉಚ್ಚಾರಣೆ ತಿದ್ದಿದೆ.

ಅವರು ಯಜಮಾನರನ್ನೇ ಕೇಳಿದರು. "ಯಾರು ಹೊಡೆದದ್ದು ಸಾವ್ಕಾರ್ರೇ?"

"ನೆನಪಿಲ್ಲಮ್ಮ" ಎಂದರು ಇವರು. ಎಲ್ಲರ ಕಣ್ಣೂ ನನ್ನ ಕಡೆ ತಿರುಗಿತು.

ಅವರಲ್ಲಿ ಹಿರಿಯಳು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದಳು: "ಸಿಟ್ಟು ಯಾರಿಗೆ ಬರಲ್ಲ ಅಮ್ಮಾ? ಇನ್ನು ಮೇಲೆ ತಲೆ ಬಿಟ್ಟು ಬೆನ್ನಿಗೆ ಕೊಡಿ."

ಮೊಟ್ಟೆ

ಯಜಮಾನರ ಅಕ್ಕನಿಗೆ ಹೇಳದೆ ಇರಲಾಗಲಿಲ್ಲ. ಪ್ರೋಟೀನ್ ಎಂದದ್ದೇ ತಡ, ಅತ್ತಿಗೆ ಶುರು ಮಾಡಿದರು. "ಶೇಖರ ಆಗದೆ ಮತ್ತೇನು? ದಿನಾ ಎರಡು ಮೊಟ್ಟೆ, ಭಾನುವಾರ ಹಂದಿ. ಅದೆಲ್ಲ ಎಲ್ಲಿಗೆ ಹೋಗಬೇಕು?"

ಇದು ತಿನ್ನುವ ಪ್ರೋಟೀನ್ ಅಲ್ಲವೆಂದು ಅರ್ಧ ಇಂಗ್ಲಿಷಿನಲ್ಲಿ ಪಾಠ ಮಾಡಿ ಕಳಿಸಿದೆ. ಅವರು ಗೇಟು ದಾಟಿದ ಮೇಲೆ, ಯಾವುದಕ್ಕೂ ಇರಲಿ ಎಂದು, ಮೊಟ್ಟೆ ನಿಲ್ಲಿಸಿದೆ.

ಮರುದಿನ ಯಜಮಾನರು ಕಾಣೆ. ಹುಡುಕಿದರೆ ಕೆಲಸದವರ ಲೈನ್ ಮನೆಗಳ ಸಾಲಿನಲ್ಲಿ, ಒಂದು ಮನೆಯ ಮೆಟ್ಟಿಲ ಮೇಲೆ ಕುಳಿತು ಆಮ್ಲೆಟ್ ತಿನ್ನುತ್ತಿದ್ದಾರೆ. "ನಮ್ಮ ಮನೆಯಲ್ಲಿ ಈಗ ತುಂಬ ಕಷ್ಟ" ಎಂದು ಹೇಳಿಕೊಂಡಿದ್ದರಂತೆ.

ಆ ಮನೆಯಾಕೆ ನನ್ನ ರೇಷ್ಮೆ ಸೀರೆಯನ್ನು ಮರುಕದಿಂದ ನೋಡಿ, "ಬನ್ನಿ ಅಮ್ಮಾ, ನಿಮಗೂ ಒಂದು ಒಡೆದು ಹಾಕ್ತೇನೆ" ಎಂದಳು.

ಪಾಸಿಟಿವ್

ಬೆಂಗಳೂರಿನಲ್ಲಿ ಸ್ಕ್ಯಾನ್ ಮುಗಿಯಿತು. ಮರುದಿನ ಅಲ್ಲಿಯ ಡಾಕ್ಟರು ಪರದೆಯ ಮೇಲೆ ಬಣ್ಣಬಣ್ಣದ ಮಿದುಳು ತೋರಿಸಿ ಇಂಗ್ಲಿಷಿನಲ್ಲಿ ಏನೇನೋ ಹೇಳಿದರು. ಭಯದಲ್ಲಿ ನನಗೆ ಕೇಳಿಸಿದ್ದು ಕೊನೆಯ ಮಾತೊಂದೇ: "ಪಾಸಿಟಿವ್."

"ಥ್ಯಾಂಕ್ ಗಾಡ್!" ಎಂದು ಎದ್ದೇಬಿಟ್ಟೆ. ಡಾಕ್ಟರ ಎರಡೂ ಕೈ ಹಿಡಿದು ಕುಲುಕಿದೆ. ಬ್ಯಾಗಿನಿಂದ ನಮ್ಮ ತೋಟದ ಕಾಫಿಪುಡಿಯ ಪೊಟ್ಟಣ ತೆಗೆದು ಕೊಟ್ಟೆ.

ಪಾಪ, ಅವರು ಪೊಟ್ಟಣ ಹಿಡಿದುಕೊಂಡೇ ಮೆಲ್ಲಗೆ ಹೇಳಿದರು: "ಮೇಡಂ, ಪಾಸಿಟಿವ್ ಅಂದರೆ... ಆ ಪ್ರೋಟೀನ್ ಇದೆ ಅಂತ."

ಕೊಟ್ಟದ್ದನ್ನು ವಾಪಸು ಕೇಳುವಂತಿಲ್ಲ, ಕುಳಿತುಕೊಳ್ಳಲು ಕಾಲು ಮಡಚುತ್ತಿಲ್ಲ. ಹೊರಗೆ ಬಂದ ಮೇಲೆ ಯಜಮಾನರು ನನ್ನ ಕೈ ತಟ್ಟಿದರು. "ನಾಚಬೇಡ ಮಾರಾಯ್ತಿ. ಯಾರಿಗೂ ಹೇಳಲ್ಲ. ನಾಳೆಗೆ ನನಗೇ ನೆನಪಿರುವುದಿಲ್ಲ."

ಊರಿಗೆ ಬಂದು ಬೆಳಗಾದರೆ ಅಂಗಳದಲ್ಲಿ ನಗುವೋ ನಗು. ತಿಂಡಿ ತಿಂದದ್ದು ನೆನಪಿಲ್ಲದ ಮನುಷ್ಯ ಪಿಕ್ಕಿಂಗ್ ಹೆಂಗಸರ ನಡುವೆ ನಿಂತು, "ಪಾಸಿಟಿವ್ ಅಂದದ್ದೇ ತಡ, ಇವಳು ಡಾಕ್ಟರ ಕೈ ಹಿಡಿದು..." ಎಂದು ಒಂದು ಪದವೂ ತಪ್ಪದೆ ಹೇಳುತ್ತಿದ್ದಾರೆ. ಕಾಫಿಪುಡಿಯನ್ನೂ ಬಿಡಲಿಲ್ಲ. ನಾನು ಬಾಗಿಲ ಹಿಂದೆ ಮುಖ ಮುಚ್ಚಿಕೊಂಡು ನಿಂತೆ.

ಕೊನೆಗೂ ಮುಗಿಯಿತು. ಇವರು ಅದೇ ಹೆಂಗಸರಿಗೆ, "ನಿನ್ನೆ ಏನಾಯ್ತು ಗೊತ್ತಾ?" ಎಂದು ಮೊದಲಿನಿಂದ ಶುರು ಮಾಡಿದರು.

"ಇಲ್ವಲ್ಲ ಸಾವ್ಕಾರ್ರೇ, ಎಂತಾಯ್ತು?" ಎಂದರು ಎಲ್ಲರೂ.