ಕಬ್ಬಿಣದ ಮಾತ್ರೆಯೂ ಹನ್ನೊಂದರ ಟೀಯೂ ಪರಸ್ಪರ ಭೇಟಿಯಾಗದಂತೆ ನೋಡಿಕೊಳ್ಳುವ ಬಗ್ಗೆ

ಉಪವಿಭಾಗ ಕಚೇರಿ, ಚನ್ನರಾಯಪಟ್ಟಣ
(ಇಲಾಖೆಯ ಹೆಸರು ನಾಮಫಲಕದಿಂದ ಅಳಿಸಿಹೋಗಿದ್ದು, ಮತ್ತೆ ಬರೆಸುವ ಪ್ರಸ್ತಾವನೆ ಮೇಲಧಿಕಾರಿಗಳ ಪರಿಶೀಲನೆಯಲ್ಲಿದೆ)

ಸಂಖ್ಯೆ: ಉವಿಕ/ಸಿಬ್ಬಂದಿ/ಮಾತ್ರೆ-ಟೀ/03/2025-26

ಸುತ್ತೋಲೆ

ವಿಷಯ: ವಿಟಮಿನ್ ಹಾಗೂ ಖನಿಜಾಂಶಗಳ ಮಾತ್ರೆಗಳನ್ನು ಎಲೆಅಡಿಕೆಯಂತೆ ತಟ್ಟೆಯಲ್ಲಿಟ್ಟು ಹಂಚಿಕೊಂಡು, ಟೀಯೊಂದಿಗೆ ನುಂಗುವ ಪದ್ಧತಿಯನ್ನು ನಿಲ್ಲಿಸುವ ಕುರಿತು.

ಉಲ್ಲೇಖ:
1) ದ್ವಿತೀಯ ದರ್ಜೆ ಸಹಾಯಕಿ ಶ್ರೀಮತಿ ಶಾಂತಿ ಅವರಿಗೆ ‘ಕರ್ತವ್ಯದ ವೇಳೆ ಮೆಟ್ಟಿಲ ಮೇಲೆ ಕುಳಿತುಕೊಳ್ಳುವ’ ಬಗ್ಗೆ ಈ ಕಚೇರಿಯಿಂದ ನೀಡಲಾದ ಮೆಮೊ.
2) ಸದರಿಯವರ ರಕ್ತಪರೀಕ್ಷೆಯ ವರದಿ.
3) ವೈದ್ಯೆ ಡಾ. ಧನ್ಯಾ ಅವರು ಅಧೀಕ್ಷಕರನ್ನು ಎದುರಿಗೆ ಕೂರಿಸಿಕೊಂಡು ಆಡಿದ ಮಾತುಗಳು (ಮೌಖಿಕ).
4) ಅರಕಲಗೂಡು ಶಾಖೆಯ ತಕರಾರು ಪತ್ರ.

ಪ್ರಸ್ತಾವನೆ:

ಬೆಳಿಗ್ಗೆ ಹನ್ನೊಂದಕ್ಕೆ ಅಟೆಂಡರ್ ಶ್ರೀ ಬೋರಪ್ಪನವರು ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನಿಂದ ಫ್ಲಾಸ್ಕಿನಲ್ಲಿ ಟೀ ತರುವುದು, ಸಿಬ್ಬಂದಿಯೆಲ್ಲ ಮಹಡಿ ಮೇಲೆ ಅಧೀಕ್ಷಕ ಶ್ರೀ ಪಾಲಾಕ್ಷ ಅವರ ಮೇಜಿನ ಸುತ್ತ ಸೇರುವುದು, ನಡುವೆ ಎಲೆಅಡಿಕೆ ತಟ್ಟೆ ಬಂದು ಕೂರುವುದು ಈ ಕಚೇರಿಯ ಹಳೆಯ ರೂಢಿ. ಗೋಡೆಗಳಿಗೆ ಹೊಸದಾಗಿ ಬಣ್ಣ ಬಳಿಸಿದ ಮೇಲೆ ಎಲೆಅಡಿಕೆಯನ್ನು ನಿಷೇಧಿಸಲಾಯಿತು. ತಟ್ಟೆಯ ಬಗ್ಗೆ ಆದೇಶದಲ್ಲಿ ಏನೂ ಹೇಳಿರಲಿಲ್ಲವಾದ್ದರಿಂದ ತಟ್ಟೆ ಉಳಿದುಕೊಂಡಿತು.

ಖಾಲಿ ತಟ್ಟೆಯನ್ನು ಕಣ್ಣಿಂದ ನೋಡಲಾರದೆ ಪ್ರಥಮ ದರ್ಜೆ ಸಹಾಯಕ ಶ್ರೀ ಷಡಕ್ಷರಿಯವರು ತಮ್ಮ ಜೇಬಿನಲ್ಲಿದ್ದ ವಿಟಮಿನ್ ಮಾತ್ರೆಗಳನ್ನು ಅದರಲ್ಲಿ ಸುರಿದು ಎಲ್ಲರ ಮುಂದೆ ಹಿಡಿದರು. ಮುಂದೆ ಹಿಡಿದ ತಟ್ಟೆಯನ್ನು ಒಲ್ಲೆ ಎನ್ನುವವರು ಈ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರೂ ಒಂದೊಂದು ತೆಗೆದುಕೊಂಡರು. ಬರೀ ತಿಂದು ಸುಮ್ಮನಿದ್ದರೆ ಚೆನ್ನಾಗಿರುವುದಿಲ್ಲವೆಂದು ಮರುದಿನ ಉಳಿದವರೂ ತಂದರು. ಕೂದಲಿಗೊಂದು, ಮಂಡಿಗೊಂದು, ಕಣ್ಣಿಗೊಂದು, ಕಂಪನಿಯ ಹೆಸರೇ ಇಲ್ಲದ್ದೊಂದು. ನೆನಪಿನ ಶಕ್ತಿಯ ಮಾತ್ರೆಯನ್ನು ತರುತ್ತೇನೆಂದವರು ಅದನ್ನು ಮನೆಯಲ್ಲೇ ಮರೆತು ಬಂದಿರುವುದು ಕಡತದಲ್ಲಿದೆ.

ಆ ತಟ್ಟೆಯಲ್ಲಿ ವೈದ್ಯರು ಬರೆದುಕೊಟ್ಟದ್ದು ಅಂತ ಇದ್ದದ್ದು ಒಂದೇ. ಅದು ಶ್ರೀಮತಿ ಶಾಂತಿಯವರ ಕಬ್ಬಿಣದ ಮಾತ್ರೆ. ಜಿನನಾಥಪುರದಿಂದ ಬಸ್ಸಿನಲ್ಲಿ ಬಂದು ಹೋಗುವ ಸದರಿಯವರಿಗೆ ಗರ್ಭಕೋಶದಲ್ಲಿ ಗೆಡ್ಡೆಯಿದ್ದು, ಹಾಸನದಲ್ಲಿ ಆಪರೇಷನ್ ಆಗಬೇಕಿದೆ. ರಕ್ತ ಏರುವ ತನಕ ಆಪರೇಷನ್ ಮಾಡುವುದಿಲ್ಲವೆಂದು ಅಲ್ಲಿಯವರು ಹೇಳಿದ್ದಾರೆ. ಸದರಿಯವರು ಮಾತ್ರೆಯನ್ನು ತಪ್ಪದೆ ನುಂಗುತ್ತಿದ್ದರೂ ರಕ್ತ ಏರಲಿಲ್ಲ. ಮುಖ ಸುಣ್ಣದಂತೆ ಬಿಳಿಚಿಕೊಂಡಿತು. (ಈ ವಿವರಗಳನ್ನು ಸದರಿಯವರ ಒಪ್ಪಿಗೆ ಪಡೆದು ನಮೂದಿಸಲಾಗಿದೆ. ಒಪ್ಪಿಗೆಯ ಪೂರ್ಣಪಾಠ: “ಇಡೀ ಆಫೀಸಿಗೇ ಗೊತ್ತಿರೋ ವಿಷ್ಯ ಸಾರ್, ಬರ್ಕೊಳಿ.”)

ಕೆಳಗಿನ ಶಾಖೆಯಿಂದ ಕಡತ ಹೊತ್ತು ಮಹಡಿ ಹತ್ತುವಾಗ ಸದರಿಯವರು ನಡುವೆ ಕುಳಿತುಕೊಳ್ಳುತ್ತಿದ್ದುದರಿಂದ ಉಲ್ಲೇಖ (1)ರ ಮೆಮೊ ಜಾರಿಯಾಯಿತು. ಅದಕ್ಕೆ ಅವರು ನೀಡಿದ ಉತ್ತರ: “ಮೆಟ್ಲು ಹತ್ತೋಕೋದ್ರೆ ಎದೆ ಡವಡವ ಅಂತದೆ ಸಾರ್. ಬೇಕೂಂತ ಯಾರು ಮೆಟ್ಲು ಮೇಲೆ ಕೂತ್ಕೋತಾರೆ.” ಉತ್ತರ ಸಮರ್ಪಕವೋ ಅಲ್ಲವೋ ಎಂದು ಅಧೀಕ್ಷಕರು ಪರಿಶೀಲಿಸುತ್ತಿರುವಾಗಲೇ ಸದರಿಯವರು ಅದೇ ಮೆಟ್ಟಿಲ ಮೇಲೆ ಕಣ್ಣು ಕತ್ತಲೆ ಬಂದು ಕುಸಿದರು. ಅಧೀಕ್ಷಕರು ಪರಿಶೀಲನೆಯನ್ನು ಅಲ್ಲಿಗೇ ಕೈಬಿಟ್ಟು ಮೆಟ್ಟಿಲಿಗೆ ಓಡಿದರು ಎಂಬುದನ್ನು ಇಲ್ಲಿ ದಾಖಲಿಸಲಾಗಿದೆ.

ಅಧೀಕ್ಷಕರೂ ಬೋರಪ್ಪನವರೂ ಕೂಡಲೇ ಅವರನ್ನು ಜೀಪಿನಲ್ಲಿ ಡಾ. ಧನ್ಯಾ ಅವರ ಬಳಿ ಕರೆದೊಯ್ದರು. ಮಾತ್ರೆಯನ್ನು ಯಾವುದರ ಜೊತೆ ತೆಗೆದುಕೊಳ್ಳುತ್ತೀರಿ ಎಂದು ವೈದ್ಯೆ ಕೇಳಿದಾಗ ಬೋರಪ್ಪನವರು ಎದೆಯುಬ್ಬಿಸಿ, “ನಾನೇ ಕೈಯಾರ ಬಿಸಿಬಿಸಿ ಟೀ ಕೊಡ್ತೀನಿ ಮೇಡಂ. ಸ್ಟ್ರಾಂಗಾಗಿ” ಎಂದು ಹೇಳಿಕೆ ನೀಡಿದರು. ಅಧೀಕ್ಷಕರು ತಮ್ಮ ಪಾಲನ್ನೂ ಬಿಟ್ಟುಕೊಡದೆ, ಮೂಳೆ ಗಟ್ಟಿಯಾಗಲೆಂದು ಅದೇ ಹೊತ್ತಿಗೆ ಒಂದು ಕ್ಯಾಲ್ಸಿಯಂ ಮಾತ್ರೆಯನ್ನೂ ತಟ್ಟೆಯಿಂದ ಕೊಡಲಾಗುತ್ತಿದೆ ಎಂದು ತಿಳಿಸಿದರು. ವೈದ್ಯೆ ಪೆನ್ನು ಕೆಳಗಿಟ್ಟರು.

ಅನಂತರ ಅವರು ಹೇಳಿದ್ದು: “ಟೀ, ಕಾಫಿ, ಹಾಲು, ಕ್ಯಾಲ್ಸಿಯಂ ಇವೆಲ್ಲ ಜೊತೇಲಿದ್ರೆ ಕಬ್ಬಿಣ ಮೈಗೆ ಹತ್ತೋದೇ ಕಡಿಮೆ. ಒಂದೆರಡು ಗಂಟೆ ಅಂತರ ಇರಲಿ. ಬರೀ ನೀರಲ್ಲಿ ನುಂಗಲಿ. ನಿಂಬೆಹಣ್ಣಿನ ಪಾನಕ ಆದ್ರೆ ಇನ್ನೂ ಒಳ್ಳೇದು.” ನೀರಿನ ವಿಷಯ ಬಂದಾಗ ಬೋರಪ್ಪನವರು ಹೇಳಿದ್ದನ್ನು ಬರೆಯದೆ ವಿಧಿಯಿಲ್ಲ: “ನೀರೆಲ್ಲಿ ಅದೆ ಮೇಡಂ ನಮ್ ಆಪೀಸಲ್ಲಿ. ಪಿಲ್ಟ್ರು ಕೆಟ್ಟು ಯಾವ ಕಾಲ ಆಯ್ತು. ರಿಪೇರಿ ಪೈಲು ಸಾಹೇಬ್ರ ಟೇಬಲ್ ಮೇಲೇ ಅದೆ.”

ಈ ಹಿನ್ನೆಲೆಯಲ್ಲಿ, ಸಂಬಂಧಿಸಿದ ಸಮಸ್ತರ ಗಮನಕ್ಕಾಗಿ ಕೆಳಕಂಡಂತೆ ಸೂಚಿಸಲಾಗಿದೆ:

1. ಸದರಿ ತಟ್ಟೆಯನ್ನು ಈ ಮೂಲಕ ವಶಪಡಿಸಿಕೊಂಡು ರೆಕಾರ್ಡ್ ರೂಮಿನ ಬೀರುವಿನಲ್ಲಿ ಇಡಲಾಗಿದೆ. ಅದನ್ನು ನೋಡಲು ಬಯಸುವವರು ಲಿಖಿತ ಅನುಮತಿ ಪಡೆದು, ಬರಿಗೈಯಲ್ಲಿ ಬಂದು, ಬರಿಗೈಯಲ್ಲಿ ಹೋಗತಕ್ಕದ್ದು.

2. ಕಬ್ಬಿಣವನ್ನೂ ಟೀಯನ್ನೂ ಬದುವಿನ ತಕರಾರಿರುವ ಅಕ್ಕಪಕ್ಕದ ಹೊಲದವರೆಂದು ಪರಿಗಣಿಸತಕ್ಕದ್ದು. ಒಬ್ಬರು ಒಳಗಿರುವಾಗ ಇನ್ನೊಬ್ಬರನ್ನು ಒಳಕ್ಕೆ ಬಿಡತಕ್ಕದ್ದಲ್ಲ. ರಾಜಿ ಪಂಚಾಯಿತಿಗೆ ಅವಕಾಶವಿಲ್ಲ.

3. ಅರಕಲಗೂಡು ಶಾಖೆಯವರು ‘ನಮ್ಮಲ್ಲಿ ಕಾಫಿ ಮಾತ್ರ ಕುಡಿಯುವುದರಿಂದ ಈ ನಿಯಮ ನಮಗೆ ಅನ್ವಯಿಸದು’ ಎಂದು ಸುತ್ತೋಲೆ ಹೊರಡುವ ಮೊದಲೇ ತಕರಾರು ಸಲ್ಲಿಸಿದ್ದಾರೆ. ಅವರು ಕಾಫಿಯನ್ನು ಟೀ ಎಂದೇ ಓದಿಕೊಳ್ಳತಕ್ಕದ್ದು. ಬಾದಾಮಿ ಹಾಲಿನ ಬಗ್ಗೆ ಸ್ಪಷ್ಟೀಕರಣ ಕೋರಿರುವ ಹೊಳೆನರಸೀಪುರ ಶಾಖೆಯವರು ಬಾದಾಮಿ ಹಾಲನ್ನು ಅರಕಲಗೂಡಿನ ಕಾಫಿ ಎಂದು ಓದಿಕೊಳ್ಳತಕ್ಕದ್ದು.

4. ಶ್ರೀ ಷಡಕ್ಷರಿಯವರು ವಾರಕ್ಕೊಂದರಂತೆ ಸೇವಿಸಬೇಕಿದ್ದ ವಿಟಮಿನ್ ಡಿ ಪುಡಿಯನ್ನು, ಸರ್ಕಾರಿ ನೌಕರನಾದವನು ಬಾಕಿ ಉಳಿಸಿಕೊಳ್ಳಬಾರದೆಂಬ ನಂಬಿಕೆಯಿಂದ, ಹಿಂದಿನ ವರ್ಷಗಳ ಬಾಕಿ ಸಮೇತ ದಿನಕ್ಕೊಂದರಂತೆ ತಿಂಗಳುಗಟ್ಟಲೆ ಸೇವಿಸಿ, ವಾಂತಿಯಾಗಿ ಮಲಗಿದ್ದು ಸರಿಯಷ್ಟೆ. ಎ, ಡಿ ಮುಂತಾದ ವಿಟಮಿನ್‌ಗಳು ಹೆಚ್ಚಾದರೆ ಮೈಯಲ್ಲೇ ಉಳಿದು ತೊಂದರೆ ಕೊಡುತ್ತವೆಂದು ವೈದ್ಯೆ ತಿಳಿಸಿದ್ದಾರೆ. ಆದುದರಿಂದ ಮೈಯಲ್ಲಿ ಮುಂಗಡ ದಾಸ್ತಾನು ಮಾಡುವುದನ್ನು ನಿಷೇಧಿಸಲಾಗಿದೆ. ಸದರಿಯವರು ತಮ್ಮ ಕಿಟಕಿಯ ಪರದೆಯನ್ನು ಸರಿಸತಕ್ಕದ್ದು. ಹೊರಗೆ ಬಿಸಿಲು ಇಲಾಖೆಯ ಯಾವುದೇ ಮಂಜೂರಾತಿಯಿಲ್ಲದೆ ಬೀಳುತ್ತಿದೆ.

5. ಪೂರಕ ಮಾತ್ರೆಗೆ ಅರ್ಹರು: ಪರೀಕ್ಷೆಯಲ್ಲಿ ಕೊರತೆ ಕಂಡುಬಂದವರು, ಬಸುರಿ ಬಾಣಂತಿಯರು, ಮಾಂಸ ಮೊಟ್ಟೆ ಮುಟ್ಟದೆ, ಹಾಲನ್ನೂ ದೂರವಿಟ್ಟು, ಬಿ12 ಕಡಿಮೆಯಾಗಿ ಕಾಲು ಜುಮ್ಮೆನ್ನುತ್ತಿರುವವರು, ವಯಸ್ಸಾಗಿ ಊಟ ಸೇರದವರು, ಮತ್ತು ವೈದ್ಯರು ಬೇಕೆಂದ ಇತರರು. ಪಕ್ಕದ ಟೇಬಲಿನವರು ತಿನ್ನುತ್ತಿದ್ದಾರೆಂಬುದನ್ನು ಕೊರತೆ ಎಂದು ಪರಿಗಣಿಸಲಾಗುವುದಿಲ್ಲ.

6. ಉಳಿದವರು ಮಧ್ಯಾಹ್ನದ ಡಬ್ಬಿಗೆ ಅರ್ಜಿ ಸಲ್ಲಿಸತಕ್ಕದ್ದು. ಮನೆಯವರು ಬೆಳಿಗ್ಗೆ ಎದ್ದು ಕಟ್ಟಿಕೊಟ್ಟ ಸೊಪ್ಪಿನ ಸಾರಿನಲ್ಲಿ ಸೊಪ್ಪನ್ನು ಬದಿಗೆ ಸರಿಸಿ, ಹುರುಳಿಕಾಳನ್ನು ಮುಚ್ಚಳದಲ್ಲಿ ಒಟ್ಟಿ, ಆಮೇಲೆ ಸೊಪ್ಪಿನ ಸತ್ವವಿರುವ ಮಾತ್ರೆ ನುಂಗುವವರ ಡಬ್ಬಿಗಳನ್ನು ಯಾವುದೇ ಮುನ್ಸೂಚನೆಯಿಲ್ಲದೆ ತಪಾಸಣೆ ಮಾಡಲಾಗುವುದು. ಮುದ್ದೆ ಮುಗಿಸಿದ ಬಗ್ಗೆ ಪಕ್ಕದಲ್ಲಿ ಕುಳಿತವರು ದೃಢೀಕರಿಸತಕ್ಕದ್ದು. ಕರಿಬೇವನ್ನು ಬದಿಗಿಡಲು ಮಾತ್ರ ವಿನಾಯಿತಿ ನೀಡಲಾಗಿದೆ, ಅಧೀಕ್ಷಕರೂ ಇಡುತ್ತಾರೆ.

7. ಮಾತ್ರೆಯ ಬಣ್ಣ ನೋಡಿ ಯಾವ ಕಾಯಿಲೆಯದೆಂದು ತೀರ್ಮಾನಿಸುವ ಅಧಿಕಾರವನ್ನು ಯಾರಿಗೂ ವಹಿಸಿಲ್ಲ.

8. ಫಿಲ್ಟರ್ ರಿಪೇರಿಯ ಕಡತಕ್ಕೆ ಸಹಿ ಹಾಕಲಾಗಿದೆ. ನೀರು ಬಂದಿದೆ. ನೀರು ಕುಡಿದು ನೋಡಿದ ಬೋರಪ್ಪನವರು “ಚೆಂದಾಗದೆ ಸಾ, ಆದ್ರೆ ಟೀ ಅಂಗಿಲ್ಲ” ಎಂದು ವರದಿ ಸಲ್ಲಿಸಿದ್ದಾರೆ.

9. ಕಚೇರಿಗೆ ಹನ್ನೊಂದಕ್ಕೊಂದು, ಊಟವಾದ ಮೇಲೊಂದು, ನಾಲ್ಕಕ್ಕೊಂದು ಟೀ ಬರುತ್ತಿರುವುದರಿಂದ, ಎರಡು ಟೀಗಳ ನಡುವೆ ಕಬ್ಬಿಣಕ್ಕೆ ನೆಮ್ಮದಿಯಾಗಿ ನಿಲ್ಲಲು ಜಾಗವಿಲ್ಲವೆಂದು ಅಳತೆಯಿಂದ ತಿಳಿದುಬಂದಿದೆ. ಟೀಯನ್ನು ಶ್ರೀಮತಿ ಶಾಂತಿಯವರೊಬ್ಬರೇ ಬಿಟ್ಟರೆ ಸಾಕಲ್ಲವೇ ಎಂದು ಕೆಲವರು ಕೇಳಿದ್ದಾರೆ. ಸಾಲದು. ಎಲ್ಲರೂ ಕುಡಿಯುತ್ತಿರುವಾಗ ಬೋರಪ್ಪನವರು ಲೋಟ ಮುಂದೆ ಹಿಡಿದರೆ ಸದರಿಯವರು ಬೇಡವೆನ್ನಲಾರರು. ಬೋರಪ್ಪನವರು ಸದರಿಯವರೊಬ್ಬರನ್ನು ಬಿಟ್ಟು ಮುಂದಕ್ಕೆ ಹೋಗಲಾರರು. ಈ ಬಗ್ಗೆ ಕೇಳಿದಾಗ, “ಆಯಮ್ಮನ್ ಒಬ್ಬುಳ್ನೇ ಬುಟ್ಟು ಎಲ್ರಿಗೂ ಕೊಡಕ್ಕೆ ನಂಗೆ ಕೈ ಬರಾಕಿಲ್ಲ ಸಾ” ಎಂದಿರುತ್ತಾರೆ. ಆದ್ದರಿಂದ ಶ್ರೀಮತಿ ಶಾಂತಿಯವರ ಆಪರೇಷನ್ ಮುಗಿಯುವ ತನಕ ಹನ್ನೊಂದರ ಟೀಯನ್ನು ಇಡೀ ಕಚೇರಿಗೆ ರದ್ದುಪಡಿಸಿ, ಅದರ ಸ್ಥಾನದಲ್ಲಿ ನಿಂಬೆಹಣ್ಣಿನ ಪಾನಕವನ್ನು ಪ್ರಭಾರದಲ್ಲಿರಿಸಿ ಆದೇಶಿಸಲಾಗಿದೆ. ಊಟದ ಮೇಲಿನ ಟೀಯನ್ನು ನಾಲ್ಕರ ಟೀಯೊಂದಿಗೆ ವಿಲೀನಗೊಳಿಸಲಾಗಿದೆ.

10. ಅಧೀಕ್ಷಕರಿಗೆ ಹನ್ನೊಂದರ ಟೀ ಇಲ್ಲದೆ ತಲೆ ಸಿಡಿಯುತ್ತಿದ್ದು, ಈ ಸುತ್ತೋಲೆಯನ್ನು ಆ ಸ್ಥಿತಿಯಲ್ಲೇ ಬರೆಯಲಾಗಿದೆ. ಭಾಷೆ ಎಲ್ಲಿಯಾದರೂ ಗಡುಸಾಗಿದ್ದರೆ ಪಾನಕ ಕುಡಿದು ಓದಿಕೊಳ್ಳತಕ್ಕದ್ದು. ಈ ಕಾರಣಕ್ಕೆ ಅಧೀಕ್ಷಕರಿಗೆ ಯಾರೂ ಗುಟ್ಟಾಗಿ ಟೀ ತಂದುಕೊಡತಕ್ಕದ್ದಲ್ಲ. ತಂದರೆ ಅವರು ಕುಡಿದುಬಿಡುವ ಸಂಭವವಿದೆ.

11. ಉಲ್ಲೇಖ (1)ರ ಮೆಮೊಗೆ ತಿದ್ದುಪಡಿ: ‘ಶ್ರೀಮತಿ ಶಾಂತಿ’ ಎಂದಿರುವಲ್ಲೆಲ್ಲ ‘ಹನ್ನೊಂದರ ಟೀ’ ಎಂದು ಓದಿಕೊಳ್ಳತಕ್ಕದ್ದು. ಸದರಿ ಟೀ ನಿಗದಿತ ಅವಧಿಯಲ್ಲಿ ಲಿಖಿತ ಸಮಜಾಯಿಷಿ ನೀಡದಿರುವುದರಿಂದ ಆರೋಪ ಸಾಬೀತಾಗಿದೆ ಎಂದು ಭಾವಿಸಲಾಗಿದೆ. ಶ್ರೀಮತಿ ಶಾಂತಿಯವರ ಸೇವಾಪುಸ್ತಕದಲ್ಲಿ ಈ ಬಗ್ಗೆ ಒಂದಕ್ಷರವೂ ಇರತಕ್ಕದ್ದಲ್ಲ.

12. ಮೆಟ್ಟಿಲಿನ ಅರ್ಧದಲ್ಲಿ ಒಂದು ಕುರ್ಚಿ ಹಾಕಿಸಲಾಗಿದೆ. ಅದು ಅಧೀಕ್ಷಕರದೇ ಕುರ್ಚಿ. ಬೆನ್ನಿಗೆ ಟವೆಲ್ ಹೊದಿಸಿರುವುದರಿಂದ ಗುರುತು ಹಿಡಿಯಬಹುದು. ಸುಸ್ತಾದವರು ಯಾರೇ ಆಗಲಿ ಕೂರತಕ್ಕದ್ದು. ಕೂತವರನ್ನು ಏಕೆ ಕೂತಿರಿ ಎಂದು ಕೇಳತಕ್ಕದ್ದಲ್ಲ. ನೀರು ಬೇಕೇ ಎಂದು ಕೇಳತಕ್ಕದ್ದು.

ಹಾಸನದ ತಾರೀಕಿಗಾಗಿ ಈ ಕಚೇರಿಯು ಕಾಯುತ್ತಿದೆ. ಹೊಸ ವರದಿಯಲ್ಲಿ ರಕ್ತ ಸ್ವಲ್ಪ ಏರಿದ್ದು, ಇದೇ ರೀತಿ ಮುಂದುವರಿದರೆ ತಾರೀಕು ಕೊಡುವುದಾಗಿ ತಿಳಿದುಬಂದಿದೆ. ಅಲ್ಲಿಯವರೆಗೆ ಯಾರೂ ಟೀ ಎಂಬ ಪದವನ್ನು ಅಧೀಕ್ಷಕರ ಎದುರಿಗೆ ಅನವಶ್ಯಕವಾಗಿ ಬಳಸಬಾರದೆಂದು ಕೋರಲಾಗಿದೆ.

(ಸಹಿ)
ಪಾಲಾಕ್ಷ
ಅಧೀಕ್ಷಕರು
(ಸಹಿ ಸ್ವಲ್ಪ ನಡುಗಿದ್ದಲ್ಲಿ ಕಂಡಿಕೆ 10ನ್ನು ನೋಡುವುದು)

ಪ್ರತಿಗಳು:
1. ಅರಕಲಗೂಡು ಶಾಖೆಗೆ: ಕಾಫಿ ಲೋಟ ಕೆಳಗಿಟ್ಟು ಓದಿಕೊಳ್ಳಲು.
2. ಹೊಳೆನರಸೀಪುರ ಶಾಖೆಗೆ: ಇನ್ನಾವ ಪಾನೀಯದ ಬಗ್ಗೆಯೂ ಸ್ಪಷ್ಟೀಕರಣ ಕೇಳದಿರಲು.
3. ಡಾ. ಧನ್ಯಾ ಅವರಿಗೆ: ಗೌರವಪೂರ್ವಕವಾಗಿ. ಪೆನ್ನನ್ನು ಮತ್ತೆ ಕೈಗೆತ್ತಿಕೊಳ್ಳಬೇಕೆಂಬ ಕೋರಿಕೆಯೊಂದಿಗೆ.
4. ಶ್ರೀ ಷಡಕ್ಷರಿ ಅವರಿಗೆ: ಬಿಸಿಲಿನಲ್ಲಿ ನಿಂತು ಓದಲು.
5. ಬಸ್ ಸ್ಟ್ಯಾಂಡ್ ಪಕ್ಕದ ಹೋಟೆಲಿನವರಿಗೆ: ಕೋಪ ಮಾಡಿಕೊಳ್ಳದಿರಲು. ಇದು ತಾತ್ಕಾಲಿಕ.
6. ಶ್ರೀ ಬೋರಪ್ಪನವರಿಗೆ: ನಿಂಬೆಹಣ್ಣುಗಳನ್ನು ಲಗತ್ತಿಸಿದೆ.
7. ಶ್ರೀಮತಿ ಶಾಂತಿಯವರಿಗೆ: ಈ ಪ್ರತಿಯನ್ನು ಪಡೆಯಲು ಮಹಡಿ ಹತ್ತಿ ಬರತಕ್ಕದ್ದಲ್ಲ. ಅಧೀಕ್ಷಕರೇ ಇಳಿದು ಬಂದು ಕೊಡುವರು. ಇನ್ನೊಂದು ಕೈಯಲ್ಲಿ ಪಾನಕದ ಲೋಟವಿರುತ್ತದೆ. ಮುಂದೆ ಹಿಡಿದಾಗ ಒಲ್ಲೆ ಎನ್ನತಕ್ಕದ್ದಲ್ಲ.