ಗಾಳಿ ಎಳೆಯುವ ಮನೆ

ಒಂದು ಚೀಲ ಸಿಮೆಂಟೂ ಮುಟ್ಟದೆ ಮನೆ ಕಟ್ಟುತ್ತೇನೆ, ಫ್ಯಾನಿಲ್ಲದೆ ಅದನ್ನು ತಂಪಾಗಿಡುತ್ತೇನೆ, ಇಡೀ ಅಕ್ಕೂರು ಹಳ್ಳಿಯೇ ಸಾಲುಗಟ್ಟಿ ಬಂದು ನೋಡುವಂತೆ ಮಾಡುತ್ತೇನೆ ಎಂದು ದೇವರಾಜ್ ಪ್ರತಿಜ್ಞೆ ಮಾಡಿದಾಗ ಅವನ ಹೆಂಡತಿ ನಯನಾ ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುತ್ತಿದ್ದಳು. ಬಿಡದಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಅವನ ಹೆಗಲಿಗೆ ಭೂಮಿಯನ್ನು ಉಳಿಸುವ ಭಾರ ಯೂಟ್ಯೂಬಿನಿಂದ ನೇರವಾಗಿ ಬಂದು ಬಿದ್ದಿತ್ತು.

"ಮಣ್ಣಿನ ಗೋಡೆ, ಸುಣ್ಣದ ಗಾರೆ, ಹಳೇ ಹೆಂಚು. ಪ್ರಕೃತಿಗೆ ಒಂದು ಗೀರೂ ಬೀಳಾಕಿಲ್ಲ ಕಣೇ."

"ಮಣ್ಣು ತುಳಿಯೋರು ಯಾರು?"

"ನಾವೇ."

ಈ 'ನಾವು' ಅನ್ನುವುದರಲ್ಲಿ ಯಾರ್ಯಾರು ಸೇರುತ್ತಾರೆಂದು ಹದಿನಾಲ್ಕು ವರ್ಷದ ಸಂಸಾರ ನಯನಾಗೆ ಕಲಿಸಿತ್ತು. ದೇವರಾಜ್ ಶಿಫ್ಟಿಗೆ ಹೋದ. ನಯನಾ, ಅತ್ತೆ ಹನುಮಂತಮ್ಮ ಇಬ್ಬರೂ ಸೀರೆ ಎತ್ತಿ ಕಟ್ಟಿ ಮಣ್ಣು ತುಳಿದರು, ಇಟ್ಟಿಗೆ ಮಗುಚಿ ಒಣಗಿಸಿದರು, ಏರಿದ ಗೋಡೆಗೆ ಮಣ್ಣು ಮೆತ್ತಿ ಸಾರಿಸಿದರು. ಸಂಜೆ ಅವನು ಬಂದು ಆ ಗೋಡೆಗೊರಗಿ ಫೋಟೊ ತೆಗೆದುಕೊಂಡು 'ನನ್ನ ಕೈಯಾರೆ' ಎಂದು ಸ್ಟೇಟಸ್ ಹಾಕಿದ. ನೂರಾ ನಲವತ್ತು ಜನ ಹೆಬ್ಬೆಟ್ಟು ಎತ್ತಿದರು.

ಅವನ ಪಾಲಿಗೆ ಮನೆಯ ಜೀವವೇ ಕಿಂಡಿಗಳು. ನೆಲಮಟ್ಟದಲ್ಲಿ ಒಂದು ಸಾಲು, ಸೂರಿನಡಿ ಇನ್ನೊಂದು ಸಾಲು. ಕೆಳಗಿನಿಂದ ತಣ್ಣನೆ ಗಾಳಿ ಎಳೆದುಕೊಂಡು ಮೇಲಿನಿಂದ ಸೆಕೆ ಕಳಿಸುವ ವ್ಯವಸ್ಥೆ. ಕಿಂಡಿಗಳಿಗೆ ಮುಚ್ಚಳವೇಕಿಲ್ಲ ಎಂದು ನಯನಾ ಕೇಳಿದ್ದಕ್ಕೆ, "ಉಸಿರಾಡೋ ಮನೆ ಕಣೇ, ಮೂಗು ಮುಚ್ತಾರಾ?" ಎಂದು ಬಾಯಿ ಮುಚ್ಚಿಸಿದ್ದ.

ಎಲ್ಲ ಸರಿಯಿತ್ತು, ಹೆಂಚು ಸಾಲಲಿಲ್ಲ. ದೇವರಾಜ್ ಹಿತ್ತಲಿಗೆ ಹೋಗಿ, ನಯನಾ ಹುಳು ಸಾಕುವ ಮನೆಯ ಹೆಂಚನ್ನೆಲ್ಲ ಇಳಿಸಿಬಿಟ್ಟ.

"ಮರುಬಳಕೆ," ಎಂದ, ಬೆವರೊರೆಸಿಕೊಂಡು.

"ಬರೋ ಸೋಮವಾರ ನೂರು ಮೊಟ್ಟೆ ಚಾಕಿ ಹುಳ ಬತ್ತವೆ. ಸೂರಿಲ್ಲದ ಮನೇಲಿ ಮಡಗ್ಲಾ?"

"ಅಷ್ಟೊತ್ತಿಗೆ ಸೂರು ಹಾಕಿಸ್ತೀನಿ."

ಹಾಕಿಸಿದ. ನೀಲಿ ಪ್ಲಾಸ್ಟಿಕ್ ಹಾಳೆ.

ಇದರ ಮೇಲೆ ಇನ್ನೊಂದು ಘನಕಾರ್ಯ. ಅಕ್ಕೂರಿನಲ್ಲಿ ಮದುವೆಯೋ ನಾಮಕರಣವೋ ಗೊತ್ತು ಮಾಡುವವರು ಮೊದಲು ಹುಳು ಎಷ್ಟನೇ ಜ್ವರದಲ್ಲಿವೆ ಎಂದು ಕೇಳುತ್ತಾರೆ, ಆಮೇಲೆ ಪಂಚಾಂಗ ತೆಗೆಯುತ್ತಾರೆ. ಪೊರೆ ಬಿಡಲು ಹುಳು ಮಲಗುವುದಕ್ಕೇ ಜ್ವರ ಅನ್ನುವುದು. ನಾಲ್ಕನೇ ಜ್ವರ ಎದ್ದ ಮೇಲೆ ಅವು ತಿನ್ನುವ ಆ ಒಂದು ವಾರ ಮನೆಯ ಹೆಂಗಸರಿಗೆ ತಲೆ ಬಾಚಲೂ ಪುರಸೊತ್ತಿರುವುದಿಲ್ಲ. ದೇವರಾಜ್ ಗೃಹಪ್ರವೇಶಕ್ಕೆ ಪಂಚಾಂಗವನ್ನಷ್ಟೇ ಕೇಳಿದ. ಅದು ಸರಿಯಾಗಿ ಆ ವಾರದ ನಡುವಿನ ಶುಕ್ರವಾರವನ್ನು ಎತ್ತಿಕೊಟ್ಟಿತು. ಪತ್ರಿಕೆ ಅಚ್ಚಾಯಿತು, ಫ್ಯಾಕ್ಟರಿಗೆಲ್ಲ ಹಂಚಿಯೂ ಆಯಿತು.

ಸೋಮವಾರ ಎರಡು ಜ್ವರ ಕಳೆದ ಎಳೆಯ ಚಾಕಿ ಹುಳು ಬಂದವು; ನೂರು ಮೊಟ್ಟೆಯ ಲೆಕ್ಕವೆಂದರೆ ನಲವತ್ತು ಸಾವಿರದ ಮೇಲೆ. ಮಂಗಳವಾರದ ಬಿಸಿಲಿಗೆ ನೀಲಿ ಹಾಳೆಯಡಿ ಇಡ್ಲಿ ಬೇಯುವಷ್ಟು ಕಾವು. ಬುಧವಾರ ದೇವರಾಜ್ ಶಿಫ್ಟು ಮುಗಿಸಿ ಬಂದರೆ ಹೊಸ ಮನೆಯ ಹಜಾರದ ತುಂಬ ಸ್ಟ್ಯಾಂಡುಗಳು, ಸ್ಟ್ಯಾಂಡಿನ ತುಂಬ ಹುಳುಗಳು, ಹೊಸಿಲಲ್ಲಿ ಕಾಲಿನ ಸೋಂಕು ಒಳಬರದಂತೆ ಸುಣ್ಣದ ಪುಡಿಯ ತಟ್ಟೆ.

"ಇದೇನೇ ಇದು?"

"ಗೋಡೆ ಮುಟ್ಟಬ್ಯಾಡಿ. ಕಾಲು ಸುಣ್ಣದಲ್ಲಿಟ್ಟು ಒಳೀಕ್ ಬನ್ನಿ," ಎಂದಳು ನಯನಾ. ಅವಳ ಮುಖ ಬೆಳಗುತ್ತಿತ್ತು. "ನೋಡ್ರಿ, ಮಧ್ಯಾಹ್ನದಲ್ಲೂ ಇಪ್ಪತ್ತಾರು ಡಿಗ್ರಿ. ತ್ಯಾವಾನೂ ಹದವಾಗೈತೆ. ಇಂಥ ಮನೆ ಸಿಕ್ಕಿದ್ರೆ ಹುಳ ಬಿಡ್ತವಾ?"

"ಗೃಹಪ್ರವೇಶ ಐತಲ್ಲೇ!"

"ಹುಳಗಳ್ದು ಆಯ್ತು," ಎಂದಳು ಹನುಮಂತಮ್ಮ, ಸೊಪ್ಪು ಹರಡುತ್ತಲೇ. "ನಿಂದು ಆಮ್ಯಾಕೆ ಮಾಡ್ಕೊ."

ದೇವರಾಜ್ ಕೂಗಾಡಿದ, ಅಂಗಲಾಚಿದ, ಮಾನದ ಪ್ರಶ್ನೆ ಎಂದ. ನಯನಾ ಒಂದೇ ಮಾತಿಗೆ ನಿಂತಳು. "ಹೊಗೆ ತಗುಲಿದ್ರೆ ಬೆಳೆ ಹೋಯ್ತದೆ. ನಾನು ತೋಟ ಅಗೆದು, ಗೊಬ್ಬರ ಹೊತ್ತು ಬೆಳೆಸಿದ ಬೆಳೆ. ನಿಮ್ಮ ಹೋಮ ಆಚೆ ಕಡೆ ಇಟ್ಕಳಿ. ದೂರಕ್ಕೆ."

ಅಂಗಳದ ಕೊನೆಯಲ್ಲಿ ಚಪ್ಪರ ಎದ್ದಿತು.

ಮುಂದಿನ ವಾರದ ಶುಕ್ರವಾರ, ಹುಳು ನಾಲ್ಕನೇ ಜ್ವರ ಎದ್ದು ಮೇಯುತ್ತಿದ್ದ ಬೆಳಿಗ್ಗೆ, ಫ್ಯಾಕ್ಟರಿಯ ಬಳಗ ಬಂದಿಳಿಯಿತು. ಜೊತೆಯ ಎಂಜಿನಿಯರ್ ಚೈತನ್ಯ ಫೋನ್ ಎತ್ತಿಹಿಡಿದೇ ಕಾರಿಳಿದ. ಪುರೋಹಿತರು ಕಬ್ಬಿಣದ ಹೋಮಕುಂಡವಿಟ್ಟು, ದಂಪತಿ ಕೂರಬೇಕು ಎಂದರು. ನಯನಾ ಸೊಪ್ಪಿನ ಹೊತ್ತು ಎಂದು ಒಳಗಿಂದಲೇ ಹೇಳಿಕಳಿಸಿದಳು. ದೇವರಾಜ್ ಒಬ್ಬನೇ ಹೊಸ ಪಂಚೆಯುಟ್ಟು ಕೂತ.

ಹೊರಗೆ ಒಂದು ಎಲೆಯೂ ಅಲುಗುತ್ತಿರಲಿಲ್ಲ. ತುಪ್ಪ ಬಿತ್ತು, ಹೊಗೆ ಎದ್ದಿತು. ಆಳೆತ್ತರ ಏರಿ, ಒಂದು ಗಳಿಗೆ ಯೋಚಿಸಿ, ಬಾಗಿ, ಅಂಗಳದುದ್ದಕ್ಕೂ ಹರಿದು, ನೆಂಟರಂತೆ ಸಾಲಾಗಿ ಕೆಳಗಿನ ಕಿಂಡಿಗಳಲ್ಲಿ ಒಳಹೊಕ್ಕಿತು.

"ಸರ್, ಸಖತ್ತಾಗಿ ಎಳೀತಾ ಇದೆ ಸರ್," ಎಂದು ಚೈತನ್ಯ ವಿಡಿಯೊ ಶುರುಮಾಡಿದ. "ಫ್ಯಾನ್ ಇಲ್ದೇನೇ!"

ಒಳಗಿನಿಂದ ನಯನಾಳ ಕೂಗು. "ಅತ್ತೆ, ಗೋಣಿಚೀಲ ತಗಂಡ್ ಬನ್ನಿ, ಕಿಂಡಿಗೆ ತುರುಕಿ!" ಒಂದು ಕಿಂಡಿಗೆ ಗೋಣಿ, ಇನ್ನೊಂದಕ್ಕೆ ಕಂಬಳಿ, ಮೂರನೆಯದಕ್ಕೆ ದೇವರಾಜನ ಇಸ್ತ್ರಿ ಮಾಡಿದ ಅಂಗಿ. ಕಿಂಡಿ ಹದಿನೆಂಟು, ಕೈ ನಾಲ್ಕು. ದೇವರಾಜ್ ಓಡಿಹೋಗಿ ಬಾಗಿಲಲ್ಲಿ ಇಣುಕಿದ. ಸ್ಟ್ಯಾಂಡಿನ ಹುಳುಗಳೆಲ್ಲ ತಿನ್ನುವುದನ್ನು ಬಿಟ್ಟು ತಲೆಯೆತ್ತಿ ನಿಂತಿದ್ದವು. ನಯನಾ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಸೆರಗನ್ನು ನೀರಿಗದ್ದಿ ಕಿಂಡಿಗೆ ಒತ್ತಿ ಹಿಡಿದು, ಆ ಹುಳುಗಳನ್ನೇ ನೋಡುತ್ತ ಕೂತಿದ್ದಳು.

ಅವಳು ಎರಡು ಮಾತು ಬೈದಿದ್ದರೆ ಅವನು ನಿಂತು ವಾದಿಸುತ್ತಿದ್ದನೇನೋ. ಹಿಂದಿರುಗಿ ಬಂದವನೇ ಒದ್ದೆ ಟವೆಲ್ಲಿನಲ್ಲಿ ಉರಿಯುವ ಹೋಮಕುಂಡವನ್ನು ಬಾಚಿ ಎತ್ತಿಕೊಂಡು ಓಡಿದ. ಹಿಂದೆ ಸೌಟು ಹಿಡಿದ ಪುರೋಹಿತರು, ಅವರ ಹಿಂದೆ ವಿಡಿಯೊ ಸಮೇತ ಚೈತನ್ಯ. ಚಪ್ಪರ ದಾಟಿ, ರಸ್ತೆ ದಾಟಿ, ಎರಡು ಹೊಲದಾಚೆಯ ಹಳ್ಳಕ್ಕೆ ಕುಂಡವನ್ನು ಇಳಿಸಿದಾಗ ಇದ್ದಬದ್ದ ಹೊಗೆಯೆಲ್ಲ ಅವನ ತಲೆ, ಪಂಚೆ, ಮೂಗಿನಲ್ಲಿ ಮನೆಮಾಡಿತ್ತು.

"ಹುಳ ಐತೆ ಅಂತ ಮೊದಲೇ ಹೇಳಬಾರದಿತ್ತೇನಯ್ಯ?" ಪುರೋಹಿತರು ಏದುಸಿರು ಬಿಟ್ಟರು. "ನಮ್ಮನೇಲೂ ಸಾಕ್ತೀವಿ. ತಿಂಗಳು ಬಿಟ್ಟು ಮುಹೂರ್ತ ಇಡ್ತಿದ್ದೆ."

ಮರಳಿ ಬರುವಷ್ಟರಲ್ಲಿ ಹನುಮಂತಮ್ಮ ಅಧಿಕಾರ ವಹಿಸಿಕೊಂಡಿದ್ದಳು. ಗಲಾಟೆಯಲ್ಲಿ ಸೊಪ್ಪಿನ ಹೊತ್ತು ಮೀರಿತ್ತು. ಫ್ಯಾಕ್ಟರಿಯ ಬಳಗವೆಲ್ಲ ಶೂ ಕಳಚಿ ಹಿಪ್ಪುನೇರಳೆ ತೋಟದಲ್ಲಿ ಸೊಪ್ಪು ಕುಯ್ಯುತ್ತಿತ್ತು. ದೇವರಾಜನ ತಲೆಗೂ ಒಂದು ಹೊರೆ ಬಂತು. ಒಳಗೆ ಹುಳುಗಳು ಒಂದೊಂದಾಗಿ ತಲೆ ತಗ್ಗಿಸಿ ಮತ್ತೆ ಮೇಯತೊಡಗಿದ್ದವು; ಮಳೆ ಬಿದ್ದಂಥ ಸದ್ದು ಬಾಗಿಲಿನವರೆಗೂ ಕೇಳುತ್ತಿತ್ತು. ಸೊಪ್ಪು ತಂದವರೆಲ್ಲ ಸುಣ್ಣಕ್ಕೆ ಕಾಲಿಟ್ಟು ಮೂವರು ಮೂವರಾಗಿ ಒಳಹೋಗಿ, ಅಬ್ಬಾ ಏನು ತಂಪು ಎಂದು ಹೊಗಳಿ ಬರುತ್ತಿದ್ದರು.

"ಯಜಮಾನ್ರು ಬನ್ನಿ ಸರ್, ಹೊಸ ಮನೇಲಿ ಒಂದು ಫೋಟೊ," ಎಂದು ಚೈತನ್ಯ ಹಜಾರದಿಂದ ಕರೆದ.

ದೇವರಾಜ್ ಹೊರೆ ಹೊತ್ತು ಬಲಗಾಲು ಎತ್ತಿದ. ನಯನಾ ಹೊರೆಯನ್ನು ಇಳಿಸಿಕೊಂಡು, ಮೂಗು ಅರಳಿಸಿ ಮೂಸಿ, ಬಾಗಿಲಿಗೆ ಅಡ್ಡ ನಿಂತಳು.

"ಇವರೊಬ್ಬರು ಬ್ಯಾಡ," ಎಂದಳು. "ಮೈಯೆಲ್ಲ ಹೊಗೆ."